ಅಪ್ಪ ‘ಬರ್ರಿ’ ಅಂದ ದಿನ

ವಿಜಯಪುರದ ಕಾಲೇಜಿನಿಂದ ನಾನು ನಿವೃತ್ತಳಾದ ದಿನ ಸಣ್ಣದೊಂದು ಬೀಳ್ಕೊಡುಗೆ ಇಟ್ಟುಕೊಂಡಿದ್ದರು. ಕೊನೆಯ ಕೆಲವು ವರ್ಷ ಪ್ರಾಚಾರ್ಯಳಾಗಿದ್ದೆನಾದ್ದರಿಂದ ಹೊಗಳುವವರು ಬಹಳ ಮಂದಿ ಇದ್ದರು. ಅವರಲ್ಲಿ ಒಬ್ಬರು ನಮ್ಮ ತಿಕೋಟಾದವರೇ, ನನ್ನ ಅಪ್ಪನನ್ನು ಕಣ್ಣಾರೆ ಕಂಡವರು. ಅವರು ಮೈಕು ಹಿಡಿದು ಹೇಳಿದರು:

“ಮೇಡಂ ಅವರ ತಂದಿ ನಮ್ಮೂರ ಹೈಸ್ಕೂಲಿನ ಅಧ್ಯಕ್ಷರಿದ್ರು. ತಮಗ ವಿರೋಧ ಮಾಡಿದವರನ್ನ ಗಾದಿ ಮ್ಯಾಲ ಕುಂಡ್ರಿಸಿ ಹೋಳಿಗಿ ಉಣಿಸಿ ಕಳಸತಿದ್ರು. ಅಂಥಾ ಮನ್ಯಾಗ ಬೆಳದು ಬಂದಾರ ಇವ್ರು.”

ಸಭೆ ಚಪ್ಪಾಳೆ ತಟ್ಟಿತು. ನಾನು ತಲೆ ತಗ್ಗಿಸಿದೆ. ವಿನಯ ಅಂದುಕೊಂಡಿರಬೇಕು ಎಲ್ಲರೂ. ಆ ಹೋಳಿಗೆಯ ತಾಟನ್ನು ಪಡಸಾಲೆಗೆ ಒಯ್ದು ಇಟ್ಟವಳು ನಾನು. ಅದನ್ನು ಉಂಡ ಮನುಷ್ಯನ ಮುಖ ನೋಡಿದವಳೂ ನಾನೇ. ನಮ್ಮ ಮನೆಯ ಬಗ್ಗೆ ಯಾರಾದರೂ ಹೀಗೆ ಒಳ್ಳೆಯ ಮಾತಾಡಿದಾಗಲೆಲ್ಲ ನನಗೆ ನೆಲ ನೋಡುವುದೇ ರೂಢಿಯಾಗಿದೆ.

ಆ ಮನೆ ತಿಕೋಟಾದ ಹಳೇ ಊರೊಳಗೆ, ಓಣಿ ಹೊರಳುವ ಜಾಗದಲ್ಲಿತ್ತು. ಕಲ್ಲಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ದೊಡ್ಡ ಬಾಗಿಲು ದಾಟಿದರೆ ಎಡಕ್ಕೆ ಎಮ್ಮೆ ಕಟ್ಟುವ ಜಾಗ, ಬಲಕ್ಕೆ ಮೆಟ್ಟಿಲು ಹತ್ತಿದರೆ ಪಡಸಾಲೆ. ಅದರ ಹಿಂದೆ ನಡುಮನೆ: ಅಲ್ಲಿ ಜೋಳದ ಚೀಲಗಳು, ಹಾಸಿಗೆಯ ಗಂಟುಗಳು ಮತ್ತು ಅಪ್ಪನ ತಾಯಿ, ನಮ್ಮ ಆಯಿಯ ಮಂಚ. ಅದಕ್ಕೂ ಹಿಂದೆ ಅಡುಗೆಮನೆ, ಹೊಗೆಯಿಂದ ಕರ್ರಗಾದ ತೊಲೆಗಳದ್ದು. ಪಡಸಾಲೆ ಗಂಡಸರದು, ಅಡುಗೆಮನೆ ಅವ್ವನದು, ನಡುಮನೆಯಲ್ಲಿ ಆಯಿ ಕೂತು ಎರಡೂ ಕಡೆಯ ಮಾತು ಕೇಳಿಸಿಕೊಳ್ಳುತ್ತಿದ್ದಳು. ಅಪ್ಪನದು ಕಿರಾಣಿ ಮತ್ತು ಕಾಳಿನ ವ್ಯಾಪಾರ. ಊರ ಹೊರಗೆ ಒಂದಿಷ್ಟು ಹೊಲ, ಅದರಲ್ಲಿ ಹೊಸದಾಗಿ ಹಚ್ಚಿದ ದ್ರಾಕ್ಷಿ. ಅಂಗಡಿಗಿಂತ, ಹೊಲಕ್ಕಿಂತ ಅಪ್ಪನಿಗೆ ಹೆಚ್ಚು ಹೆಮ್ಮೆ ಇದ್ದದ್ದು ಹೈಸ್ಕೂಲಿನ ಮೇಲೆ. ಊರಿನ ಐದಾರು ಜನ ಸೇರಿ ಕಟ್ಟಿದ ಶಾಲೆ ಅದು. ಹನುಮಪ್ಪನ ಗುಡಿಯ ಹಿಂದಿನ ಹಳೆಯ ಕೋಣೆಗಳಲ್ಲಿ ನಡೆಯುತ್ತಿತ್ತು. ಅದರ ಆಡಳಿತ ಮಂಡಳಿಗೆ ಅಪ್ಪ ಅಧ್ಯಕ್ಷ. ಮಂಡಳಿಯ ಸಭೆ ಐತವಾರ ಸಂಜೆ ನಮ್ಮ ಪಡಸಾಲೆಯಲ್ಲೇ.

ಪಡಸಾಲೆಯಿಂದ ಅಡುಗೆಮನೆಯವರೆಗೆ ಕೇಳದೆ ಕೆಮ್ಮದೆ ನಡೆದು ಬರುವ ಹಕ್ಕು ಹೊರಗಿನವರಲ್ಲಿ ಒಬ್ಬರಿಗೆ ಮಾತ್ರ ಇತ್ತು. ಗುರುಪಾದಪ್ಪ ಕಾಕಾ. ರಕ್ತಸಂಬಂಧವೇನಲ್ಲ. ಅವನ ಮೂಲ ಊರು ಕಳ್ಳಕವಟಗಿ, ಬೆಳೆದದ್ದು ತಿಕೋಟಾದಲ್ಲಿ, ಅಲ್ಲೇ ಬಟ್ಟೆ ಅಂಗಡಿ ಇಟ್ಟಿದ್ದ. ಅಪ್ಪನೂ ಅವನೂ ಒಂದೇ ಸಾಲಿಯಲ್ಲಿ ಓದಿದವರು, ಒಂದೇ ಬಾವಿಯಲ್ಲಿ ಈಜು ಕಲಿತವರು. ಅಪ್ಪನಿಗೆ ಅವನು ‘ಗುರುಪ್ಯಾ’, ಅವನಿಗೆ ಅಪ್ಪ ‘ಚನ್ನ್ಯಾ’. ಊರಿನ ಉಳಿದವರೆಲ್ಲ ಅಪ್ಪನಿಗೆ ಚನ್ನಪ್ಪ ಸಾವಕಾರ್ರು ಅನ್ನುತ್ತಿದ್ದರು. ಕಾಕಾ ಬಾಗಿಲಲ್ಲಿ ಸೈಕಲ್ ನಿಲ್ಲಿಸುವ ಸದ್ದು ಕೇಳಿದರೆ ಅಪ್ಪ ಒಳಗಿಂದಲೇ “ಬಾರಲೇ ಗುರುಪ್ಯಾ, ಸತ್ತಿದ್ದೇನು ಇಷ್ಟೊತ್ತನ?” ಎಂದು ಕೂಗುತ್ತಿದ್ದ. ನಮ್ಮ ಕಡೆ ಪ್ರೀತಿ ಇರುವುದು ಇಂಥ ಮಾತಿನಲ್ಲೇ.

ಕಾಕಾನೂ ಮಂಡಳಿಯ ಸದಸ್ಯ. ಸಭೆಯಲ್ಲಿ ಅವನ ಕೆಲಸ ವಿರೋಧ ಮಾಡುವುದು. ಇದನ್ನು ಯಾರೂ ನೇಮಿಸಿರಲಿಲ್ಲ, ಹಾಗೇ ನಡೆದುಬಂದಿತ್ತು. ಅಪ್ಪ ಒಂದು ವಿಷಯ ಮುಂದಿಡುತ್ತಿದ್ದ; ಎಲ್ಲರೂ ಹೂಂ ಅನ್ನುತ್ತಿದ್ದರು; ಆಗ ಅಪ್ಪ ಗೋಡೆಗೆ ಒರಗಿ, “ಇನ್ನ ನಮ್ಮ ಗುರುಪ್ಯಾ ಏನಂತಾನ ಕೇಳೂಣು” ಅನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು. ಕಾಕಾ ಮೀಸೆ ತೀಡಿಕೊಂಡು ಅದರಲ್ಲಿ ಏನೇನು ತಪ್ಪಿದೆ ಎಂದು ಎಳೆ ಎಳೆಯಾಗಿ ಬಿಡಿಸುತ್ತಿದ್ದ. ಅಪ್ಪ ಒಂದೊಂದಕ್ಕೂ ಉತ್ತರ ಕೊಡುತ್ತಿದ್ದ. ಕೆಲವು ಸಲ ಸಣ್ಣಪುಟ್ಟ ವಿಷಯದಲ್ಲಿ “ಆತಪಾ, ಇದರಾಗ ನೀ ಗೆದ್ದಿ” ಎಂದು ಸೋಲುತ್ತಿದ್ದ. ಹಾಗೆ ಸೋತ ದಿನ ಅಪ್ಪ ಬಹಳ ಖುಷಿಯಲ್ಲಿರುತ್ತಿದ್ದ. ಸಭೆ ಮುಗಿದ ಮೇಲೆ ಕಾಕಾ ನೇರ ಅಡುಗೆಮನೆಗೆ ಬಂದು ಒಲೆಯ ಹತ್ತಿರ ಕೂತುಬಿಡುತ್ತಿದ್ದ. ಅವ್ವ ಬಡಿದ ಬಿಸಿ ರೊಟ್ಟಿಯನ್ನು ಬುಟ್ಟಿಗೆ ಬೀಳುವ ಮೊದಲೇ ಎತ್ತಿಕೊಂಡು, ಶೇಂಗಾ ಹಿಂಡಿ, ಮೊಸರು, ಜಜ್ಜಿದ ಉಳ್ಳಾಗಡ್ಡಿ ಹಾಕಿಸಿಕೊಂಡು ಉಣ್ಣುತ್ತಿದ್ದ. ಅಪ್ಪನೂ ಪಕ್ಕದಲ್ಲೇ. ಇಬ್ಬರ ತಾಟೂ ನೆಲದ ಮೇಲೆ, ಒಂದಕ್ಕೊಂದು ತಾಗಿಕೊಂಡು.

ನಮಗೂ ಅಪ್ಪ ಅದನ್ನೇ ಕಲಿಸುತ್ತಿದ್ದ. ನನಗೆ, ನನಗಿಂತ ದೊಡ್ಡವನಾದ ಈರಣ್ಣನಿಗೆ. ಊಟಕ್ಕೆ ಕೂತಾಗ ಯಾವುದಾದರೊಂದು ಮಾತು ತೆಗೆದು, “ಸರಸು, ನಾ ಹೇಳೂದು ತಪ್ಪಂತ ತೋರಸು ನೋಡೂಣು” ಎನ್ನುತ್ತಿದ್ದ. ನನ್ನದು ಬಾಯಿ ಜೋರು. ಏನಾದರೂ ಹುಡುಕಿ ಹೇಳುತ್ತಿದ್ದೆ. ಅಣ್ಣ ಮೆತ್ತಗಿನವನು, ಯೋಚಿಸಿ ನಿಧಾನಕ್ಕೆ ಹೇಳುತ್ತಿದ್ದ. ಅಪ್ಪ ಇಬ್ಬರನ್ನೂ ಪೂರ್ತಿ ಕೇಳುತ್ತಿದ್ದ, ತುತ್ತು ಕೈಯಲ್ಲೇ ಹಿಡಿದುಕೊಂಡು.

“ಹೂಂ ಅನ್ನಾವ್ರು ಸಂತ್ಯಾಗ ಸಿಗತಾರ. ಅಲ್ಲ ಅನ್ನಾಂವ ಮನ್ಯಾಗ ಒಬ್ಬ ಇರಬೇಕು. ಅಂದ್ರ ಮನಿ ನೆಟ್ಟಗಿರತೈತಿ,” ಅನ್ನುತ್ತಿದ್ದ ಅಪ್ಪ.

ಆ ಮಾತನ್ನು ನಾನು ನಂಬಿದ್ದೆ. ಸಾಲಿಯಲ್ಲಿ ಗೆಳತಿಯರ ಮುಂದೆ ಜಂಬದಿಂದ ಹೇಳಿಕೊಳ್ಳುತ್ತಿದ್ದೆ. ಅವರ ಅಪ್ಪಂದಿರು ಮಕ್ಕಳು ಬಾಯಿ ತೆರೆದರೆ ಬಾರಕೋಲು ತೆಗೆಯುವವರು.

ಅವ್ವನ ವಿಷಯ ಮಾತ್ರ ಬೇರೆ ಇತ್ತು. ಅಡುಗೆಮನೆಗೆ ಒಂದು ಕಿಟಕಿ ಬೇಕೆಂದು ಅವಳು ಮದುವೆಯಾಗಿ ಬಂದಾಗಿನಿಂದ ಕೇಳುತ್ತಿದ್ದಳಂತೆ. ಅಪ್ಪ “ನೋಡೂಣು” ಅನ್ನುತ್ತಿದ್ದ. ಬೈಯುತ್ತಿರಲಿಲ್ಲ, ಬೇಡ ಅನ್ನುತ್ತಲೂ ಇರಲಿಲ್ಲ. ಒಮ್ಮೆ ಅವ್ವ ಹೊಗೆಗೆ ಕಣ್ಣೊರೆಸಿಕೊಳ್ಳುತ್ತ ಕಾಕಾನಿಗೆ ಅಂದಳು:

“ಗುರುಪಾದಪ್ಪಣ್ಣ, ಅವರು ನಿನ್ನ ಮಾತು ಕೇಳತಾರ. ಈ ಕಿಟಕಿ ಸಲವಾಗಿ ನಮ್ಮ ಕಡಿಂದ ಒಂದೀಟು ವಿರೋಧ ಮಾಡಪಾ.”

ಕಾಕಾ ಮುಂದಿನ ಐತವಾರ ಸಭೆಯ ನಡುವೆ ಗಂಭೀರವಾಗಿ ಎದ್ದು ನಿಂತು, ಅಧ್ಯಕ್ಷರ ಮನೆಯ ಅಡುಗೆಮನೆಗೆ ಕಿಟಕಿ ಇಲ್ಲದಿರುವುದನ್ನು ತಾನು ಖಂಡಿಸುತ್ತೇನೆ ಎಂದ. ಪಡಸಾಲೆ ಬಿದ್ದು ಬಿದ್ದು ನಕ್ಕಿತು. ಅಪ್ಪನೂ ನಕ್ಕ. ಅದೇ ವಾರ ಗೌಂಡಿಯನ್ನು ಕರೆಸಿ ಗೋಡೆ ಒಡೆಸಿದ. ನಾವೆಲ್ಲ ಇದನ್ನು ತಮಾಷೆಯ ಕಥೆಯಾಗಿ ಹೇಳಿಕೊಂಡು ತಿರುಗಿದೆವು. ಅವ್ವ ಇಷ್ಟು ವರ್ಷ ಕೇಳಿದ್ದು ಕಿವಿಗೆ ಬೀಳಲು ಒಬ್ಬ ಗಂಡಸು ಪಡಸಾಲೆಯಲ್ಲಿ ಎದ್ದು ನಿಲ್ಲಬೇಕಾಯಿತಲ್ಲ ಎಂಬುದು ಆಗ ನಮಗ್ಯಾರಿಗೂ ಹೊಳೆಯಲಿಲ್ಲ. ಅವ್ವನಿಗೆ ಹೊಳೆದಿತ್ತೋ ಏನೋ. ಅವಳು ನಗುವವರ ಜೊತೆ ನಗುತ್ತಿದ್ದಳು.

ನಾನು ಏಳನೆಯ ತರಗತಿಯಲ್ಲಿದ್ದಾಗ ಶಾಲೆಯ ಜಾಗದ ಮಾತು ಬಂತು. ಗುಡಿಯ ಹಿಂದಿನ ಕೋಣೆಗಳು ಸಾಲುತ್ತಿರಲಿಲ್ಲ, ಆಟಕ್ಕೆ ಅಂಗಳ ಇರಲಿಲ್ಲ. ಬಬಲೇಶ್ವರದ ದೊಡ್ಡ ಜಮೀನುದಾರರೊಬ್ಬರಿಗೆ ತಿಕೋಟಾದಿಂದ ವಿಜಯಪುರಕ್ಕೆ ಹೋಗುವ ರಸ್ತೆಗೆ ಹತ್ತಿದ ಹೊಲವಿತ್ತು. ಅದನ್ನು ಶಾಲೆಗೆ ದಾನ ಕೊಡುತ್ತೇನೆ, ಈ ವರ್ಷವೇ ಕಟ್ಟಡ ಸುರು ಮಾಡಬೇಕು ಎಂದರು. ಅಪ್ಪ ಬಬಲೇಶ್ವರಕ್ಕೆ ಹೋಗಿ ಅವರ ಮನೆಯಲ್ಲಿ ಉಂಡು ಬಂದ. ಬರುವಾಗ ಅವನ ಮುಖದಲ್ಲಿ ಅಂಥ ಬೆಳಕನ್ನು ನಾನು ಹಿಂದೆ ಕಂಡಿರಲಿಲ್ಲ. ನಮ್ಮನ್ನೆಲ್ಲ ಹೊರಗಿನ ಓಣಿಯಲ್ಲಿ ನಿಲ್ಲಿಸಿಕೊಂಡು ಕೈ ಚಾಚಿ ಚಾಚಿ ತೋರಿಸಿದ: ಇಲ್ಲಿ ಕೋಣೆಗಳು, ಅಲ್ಲಿ ಕಬಡ್ಡಿ ಆಡುವ ಅಂಗಳ, ಆಚೆ ಬೋರ್ಡಿಂಗು.

ಆ ಐತವಾರ ಪಡಸಾಲೆ ತುಂಬಿತ್ತು. ನಾನು ಚಹಾದ ಕಪ್ಪು-ಬಸಿಗಳನ್ನು ಹಿಡಿದು ಬಾಗಿಲ ಹತ್ತಿರ ನಿಂತಿದ್ದೆ. ಅಪ್ಪ ವಿಷಯ ಹೇಳಿದ, ಎಲ್ಲರೂ ತಲೆಯಾಡಿಸಿದರು. ಎಂದಿನಂತೆ ಅಪ್ಪ ಗೋಡೆಗೆ ಒರಗಿ, “ಇನ್ನ ನಮ್ಮ ಗುರುಪ್ಯಾ” ಎಂದ. ಒಂದಿಬ್ಬರು ನಗಲು ಸುರು ಮಾಡಿದರು. ಕಾಕಾ ನಗಲಿಲ್ಲ, ಮೀಸೆಯ ಮೇಲೆ ಕೈಯನ್ನೂ ಹಾಕಲಿಲ್ಲ.

“ಚನ್ನಪ್ಪ, ಇವತ್ತ ನಾ ನಗಸಾಕ ಮಾತಾಡಾಕತ್ತಿಲ್ಲ. ಊರ ನಡುವ ಸಾಲಿ ಐತಿ ಅಂತ ಹೆಣ್ಣ ಹುಡುಗ್ಯಾರನ್ನ ಕಳಸಾಕತ್ತಾರ. ಅಷ್ಟ ದೂರ ದೊಡ್ಡ ರಸ್ತಾದ ಮ್ಯಾಲ ಅಂದ್ರ ಬಾಳ ಮಂದಿ ಬಿಡಿಸತಾರ. ನನ್ನ ಮಗಳನ್ನ ನಾ ಕಳಸತೇನೊ ಇಲ್ಲೊ ನನಗ ತಿಳೀದು. ಇದು ಒಂದ ಮಾತು.”

ಅಪ್ಪ ಉತ್ತರ ಕೊಡಲು ಬಾಯಿ ತೆರೆದ. ಕಾಕಾ ಕೈ ಎತ್ತಿ ತಡೆದ.

“ಇನ್ನೊಂದು ಮಾತೈತಿ. ನೀ ಬಬಲೇಶ್ವರದಾಗ ಮದಲ ಹೂಂ ಅಂದು, ಅವರ ಕೈಯಾಗಿನ ಸಕ್ಕರಿ ತಿಂದು ಬಂದಿ. ಆಮ್ಯಾಲ ಇಲ್ಲಿ ಕುಂತು ಏನಂತೀರಿ ಅಂತ ನಮ್ಮನ್ನ ಕೇಳಾಕತ್ತಿ. ಇದು ಕೇಳೂದಲ್ಲಪಾ. ಇದು ಹೇಳೂದು.”

ಎಮ್ಮೆ ಮೇವು ಮೆಲ್ಲುವ ಸದ್ದು ಪಡಸಾಲೆಗೆ ಕೇಳಿಸುತ್ತಿತ್ತು. ಸ್ವಲ್ಪ ಹೊತ್ತಿಗೆ ಇನ್ನೊಬ್ಬ ಸದಸ್ಯರು ಕೆಮ್ಮಿ, ಗುರುಪಾದಪ್ಪ ಹೇಳುವುದರಲ್ಲೂ ಅರ್ಥ ಐತಿ ಎಂದರು. ಅವರ ಹಿಂದೆ ಮತ್ತೊಬ್ಬರು. ಇಷ್ಟು ದಿನ ಹೂಂ ಅಂದವರಿಗೆಲ್ಲ ಆ ದಿನ ಒಮ್ಮೆಲೇ ಸ್ವಂತ ವಿಚಾರ ಬಂದಂತಾಯಿತು. ಅಪ್ಪನ ಕಿವಿ ಕೆಂಪಾದದ್ದನ್ನು ನಾನು ಕಂಡೆ. ಆದರೂ ಅವನು ಮುಗುಳ್ನಗುತ್ತಲೇ ಇದ್ದ.

“ಆತು. ಎಲ್ಲಾರದೂ ಹಂಗ ಇದ್ರ ಸದ್ಯಕ್ಕ ಬಿಡೂಣು. ಚಾ ಕುಡೀರಿ,” ಎಂದ.

ಕಾಕಾ ಎಂದಿನಂತೆ ಒಲೆಯ ಹತ್ತಿರ ಬಂದು ಕೂತು, ಹಿಂಡಿ ಕೇಳಿ ಹಾಕಿಸಿಕೊಂಡ. ಅಪ್ಪ ಹೊಟ್ಟೆ ಸರಿ ಇಲ್ಲವೆಂದು ಊಟಕ್ಕೆ ಬರಲಿಲ್ಲ. ನನಗೆ ಕಾಕಾನ ಮೇಲೆ ಕೆಟ್ಟ ಸಿಟ್ಟು ಬಂದಿತ್ತು. ನಮ್ಮ ಮನೆಯಲ್ಲಿ, ನಮ್ಮ ರೊಟ್ಟಿ ತಿನ್ನುವವನು, ಊರ ಹಿರಿಯರ ಮುಂದೆ ನಮ್ಮಪ್ಪನನ್ನು ಸಣ್ಣವನ್ನಾಗಿ ಮಾಡಿದನಲ್ಲ ಎಂದು ನಾಚಿಕೆಯಾಗಿತ್ತು. ನನ್ನ ಮೊದಲ ನಾಚಿಕೆ ಅದು. ಕಾಕಾನಿಗಾಗಿ ಪಟ್ಟದ್ದು, ತಪ್ಪು ಮನುಷ್ಯನಿಗಾಗಿ.

ಮುಂದಿನ ಐತವಾರ ಬೆಳಗ್ಗೆಯೇ ಅಪ್ಪ ಅವ್ವನಿಗೆ ಹೋಳಿಗೆ ಮಾಡಲು ಹೇಳಿದ. ಯಾವ ಹಬ್ಬವೂ ಇರಲಿಲ್ಲ. ಪಡಸಾಲೆಯ ಮೂಲೆಯಲ್ಲಿ ಬೀಗರು ಬಂದಾಗ ಮಾತ್ರ ಹಾಸುವ ಗಾದಿ ಹಾಸಿಸಿ, ಲೋಡು ಇಡಿಸಿದ. ಸಂಜೆ ಕಾಕಾನ ಸೈಕಲ್ಲಿನ ಸದ್ದಾಯಿತು. ಅಪ್ಪ ಒಳಗಿಂದ ಕೂಗಲಿಲ್ಲ. ಎದ್ದು, ಹೆಗಲ ಮೇಲಿನ ವಲ್ಲಿ ಸರಿ ಮಾಡಿಕೊಂಡು, ಮೆಟ್ಟಿಲವರೆಗೆ ಹೋದ.

“ಬರ್ರಿ ಗುರುಪಾದಪ್ಪನವರ, ಬರ್ರಿ. ಕೂಡ್ರಿ.”

ಕಾಕಾ ಹಿಂದೆ ಯಾರಾದರೂ ಬರುತ್ತಿದ್ದಾರೇನೋ ಎಂದು ತಿರುಗಿ ನೋಡಿದ. ಆಮೇಲೆ ನಕ್ಕ.

“ಏನಲೇ ಚನ್ನ್ಯಾ, ಯಾರನ್ನ ಕರಿಯಾಕತ್ತಿ?”

“ನಿಮ್ಮನ್ನರಿ. ಹಿರ್ಯಾರು ನೀವು, ಮ್ಯಾಲ ಕೂಡ್ರಿ.”

ಕಾಕಾ ನಗುತ್ತಲೇ ಗಾದಿಯ ಮೇಲೆ ಕೂತ. ಆ ನಗು ಅವನ ಮುಖದಿಂದ ಸ್ವಲ್ಪ ಸ್ವಲ್ಪವೇ ಇಳಿದುಹೋದದ್ದನ್ನು ನಾನು ನೋಡಿದೆ. ಸಭೆಯಲ್ಲಿ ಅಪ್ಪ ಎಲ್ಲ ವಿಷಯಕ್ಕೂ ಮೊದಲು ಅವನ ಕಡೆ ತಿರುಗಿ, “ನೀವೇನಂತೀರಿ ಗುರುಪಾದಪ್ಪನವರ?” ಎಂದು ಕೇಳಿದ. ತಮಾಷೆ ಇಲ್ಲ, ಗೋಡೆಗೆ ಒರಗುವುದಿಲ್ಲ. ಕಾಕಾ ಏನೋ ಹೇಳಿದ. ಅಪ್ಪ ಕೈ ಕಟ್ಟಿಕೊಂಡು ಕೇಳಿದ, ಕೇಳಿ “ಬಾಳ ಛಲೋ ಹೇಳಿದ್ರಿ” ಎಂದ, ಮುಂದಿನ ವಿಷಯಕ್ಕೆ ಹೋದ. ಸಭೆ ಮುಗಿದ ಮೇಲೆ ಕಾಕಾ ಅಡುಗೆಮನೆಯ ಕಡೆ ಎದ್ದ. ಅಪ್ಪ ಅವನ ಮೊಳಕೈ ಹಿಡಿದು ಮೆಲ್ಲಗೆ ಕೂರಿಸಿದ.

“ಒಳಗ ಹೊಗಿ ಐತಿ, ಯಾಕ ತ್ರಾಸ ತಗೋತೀರಿ. ಇಲ್ಲೇ ಆರಾಮ ಉಣ್ರಿ.”

ನಾನು ತಾಟು ತಂದಿಟ್ಟೆ. ಹೋಳಿಗೆ, ತುಪ್ಪ, ಕಟ್ಟಿನ ಸಾರು. ನಿಜ ಹೇಳಬೇಕೆಂದರೆ, ಪಡಸಾಲೆಯಿಂದ ತಾಟು ತರುವಂತೆ ಅಪ್ಪ ಕೂಗಿದಾಗ ನನಗೆ ಹಿಗ್ಗೇ ಆಗಿತ್ತು. ಅಪ್ಪ ದೊಡ್ಡ ಮನಸ್ಸು ಮಾಡಿ ಎಲ್ಲ ಮರೆತ ಅಂದುಕೊಂಡಿದ್ದೆ. ಕಾಕಾ ತಾಟನ್ನು ನೋಡಲಿಲ್ಲ, ನನ್ನನ್ನು ನೋಡಿದ.

“ಯವ್ವಾ ಸರಸು, ಒಳಗ ಒಲಿ ಹಂತ್ಯಾಕ ಜಾಗಾ ಇಲ್ಲೇನು?”

ಅದು ಕೇಳುವ ದನಿಯಾಗಿರಲಿಲ್ಲ. ನಾನು ಅಪ್ಪನ ಕಡೆ ನೋಡಿದೆ. ಅಪ್ಪ ಬೇರೆ ಯಾರ ಜೊತೆಯೋ ಮಾತಿನಲ್ಲಿದ್ದ. ನಾನು ಒಳಗೆ ಬಂದೆ. ಒಂದು ಹೋಳಿಗೆಯ ಅರ್ಧ ಮುರಿದು ತಿಂದು, ಉಳಿದದ್ದನ್ನು ತಾಟಿನ ಅಂಚಿಗೆ ಸರಿಸಿ ಕಾಕಾ ಕೈ ತೊಳೆದ. ಅವನು ಹೋಗುವಾಗ ಅಪ್ಪ ಮತ್ತೆ ಮೆಟ್ಟಿಲವರೆಗೆ ಬಂದು ಕೈ ಮುಗಿದ. ಬಾಲ್ಯದ ಗೆಳೆಯನಿಗೆ ಕೈ ಮುಗಿದ.

ಮುಂದಿನ ಕೆಲವು ಐತವಾರ ಹೀಗೇ ನಡೆಯಿತು. ಗಾದಿ, ಲೋಡು, ಬರ್ರಿ, ಕೂಡ್ರಿ. ಒಂದು ಬಿರುಸಿನ ಮಾತಿಲ್ಲ. ಆಮೇಲೆ ಕಾಕಾ ಅಂಗಡಿಯಲ್ಲಿ ಕೆಲಸವಿದೆ ಎಂದು ಬರುವುದನ್ನು ತಪ್ಪಿಸಿದ, ಆಮೇಲೆ ಮಂಡಳಿಯನ್ನೂ ಬಿಟ್ಟ. ಊರಿನಲ್ಲಿ ಮಾತ್ರ ಬೇರೆಯೇ ಸುದ್ದಿ ಹಬ್ಬಿತು. ತನ್ನ ಮಾತು ಮುರಿದವನಿಗೂ ಚನ್ನಪ್ಪ ಸಾವಕಾರ್ರು ಎಷ್ಟು ಮರ್ಯಾದೆ ಕೊಡತಾರ ನೋಡ್ರಿ, ಅಧ್ಯಕ್ಷ ಅಂದ್ರ ಹಿಂಗಿರಬೇಕು, ಎಂದು ಜನ ಆಡಿಕೊಂಡರು. ನಿಡೋಣಿಯಿಂದ, ಜೈನಾಪುರದಿಂದ ತಮ್ಮೂರ ಜಗಳ ಬಗೆಹರಿಸಲು ಅಪ್ಪನನ್ನು ಕರೆಯಲು ಬಂದರು. ನನ್ನ ಬೀಳ್ಕೊಡುಗೆಯಲ್ಲಿ ಮಾತಾಡಿದವರು ಕೇಳಿದ್ದೂ ಅದೇ ಸುದ್ದಿಯನ್ನು.

ಆಯಿ ಒಬ್ಬಳೇ ಅದನ್ನು ಬಾಯಿಬಿಟ್ಟು ಹೇಳಿದ್ದು. ಅಪ್ಪ ನಡುಮನೆಯಲ್ಲಿ ಅವಳ ಮಂಚದ ಪಕ್ಕ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ಹೊತ್ತು.

“ಮನಿ ಮಗನ್ನ ಬೀಗನ್ನ ಮಾಡಿ ಹೊರಗ ಹಾಕಿದೆಲ್ಲೊ ಚನ್ನಪ್ಪ.”

“ನಾ ಏನ್ ಮಾಡೇನಿ ಬೇ ಅವಗ? ಒಂದ ಮಾತರೆ ಅಂದೇನೇನು? ಮರ್ಯಾದಿ ಕೊಟ್ಟಿದ್ದು ತಪ್ಪೇನು?”

“ಬೈದಿದ್ರ ನಾಳಿ ಬರತಿದ್ದ,” ಎಂದಳು ಆಯಿ. ಮಗ್ಗುಲಾಗಿ ಗೋಡೆಯ ಕಡೆ ಮುಖ ಮಾಡಿದಳು.

ಅಪ್ಪ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಬೆರಳು ಮಾಡಿ ತೋರಿಸುವಂಥದ್ದು ಅವನು ಏನೂ ಮಾಡಿರಲಿಲ್ಲ. ಅದಕ್ಕೇ ನನಗೆ ಅದನ್ನು ಇಂದಿಗೂ ಯಾರಿಗೂ ಸರಿಯಾಗಿ ವಿವರಿಸಲು ಬರುವುದಿಲ್ಲ. ಹೊಡೆದ ಅಪ್ಪನ ಬಗ್ಗೆ, ಕುಡಿದ ಅಪ್ಪನ ಬಗ್ಗೆ ಮಕ್ಕಳು ಹೇಳಬಹುದು, ಕೇಳುವವರಿಗೆ ಅರ್ಥವಾಗುತ್ತದೆ. ನಮ್ಮಪ್ಪ ಒಬ್ಬ ಗೆಳೆಯನಿಗೆ ‘ಬರ್ರಿ’ ಅಂದ ಎಂದರೆ ಯಾರಿಗೆ ಏನು ಗೊತ್ತಾದೀತು?

ಶಾಲೆಯ ಮಾತು ಮತ್ತೆ ಸಭೆಗೆ ಬಂದಾಗ ಯಾರೂ ಕೆಮ್ಮಲಿಲ್ಲ. ಕಾಕಾ ಹೇಳಿದ್ದರಲ್ಲಿ ಅರ್ಥ ಐತಿ ಎಂದವರೇ ಮೊದಲು ಹೂಂ ಎಂದರು. ಅವರನ್ನು ಯಾರೂ ಹೆದರಿಸಿರಲಿಲ್ಲ. ರಸ್ತೆಯ ಹೊಲದಲ್ಲಿ ಕಟ್ಟಡ ಎದ್ದಿತು. ಇದನ್ನೂ ಮುಚ್ಚದೆ ಹೇಳಬೇಕು: ಅಪ್ಪನ ಲೆಕ್ಕವೇ ಸರಿಯಾಗಿತ್ತು. ಸುರುವಿನಲ್ಲಿ ಕೆಲವು ಹುಡುಗಿಯರನ್ನು ಬಿಡಿಸಿದರು ನಿಜ. ಆದರೆ ಅಪ್ಪ ಡಿಪೋಕ್ಕೆ ಓಡಾಡಿ ಶಾಲೆಯ ಮುಂದೆ ಬಸ್ಸು ನಿಲ್ಲುವಂತೆ ಮಾಡಿಸಿದ, ಮನೆ ಮನೆಗೆ ಹೋಗಿ ಕರೆದ, ಹುಡುಗಿಯರು ಮರಳಿದರು. ಕಾಕಾನ ಮಗಳೂ ನನ್ನ ಜೊತೆ ಅಲ್ಲೇ ಓದಿದಳು. ಅಂಗಳವಾಯಿತು, ಬೋರ್ಡಿಂಗು ಆಯಿತು. ಇವತ್ತು ಆ ರಸ್ತೆಯಲ್ಲಿ ಹೋಗುವಾಗ ಶಾಲೆಯ ಗೇಟು ನೋಡಿದರೆ ಎದೆಯುಬ್ಬಬೇಕು. ಕಾಕಾ ಹೇಳಿದಂತೆ ಶಾಲೆ ಹಾಳಾಗಿದ್ದರೆ ನನಗೆ ಸುಲಭವಿತ್ತು. ಅಪ್ಪ ತಪ್ಪು ಮಾಡಿದ, ಅದರ ಫಲ ಕಂಡ ಎಂದು ಹೇಳಿ ಮುಗಿಸಬಹುದಿತ್ತು. ಅಪ್ಪ ಗೆದ್ದ. ಗೆದ್ದದ್ದರಿಂದಲೇ ತಾನು ಮಾಡಿದ್ದನ್ನು ಒಮ್ಮೆಯೂ ತಿರುಗಿ ನೋಡಬೇಕಾದ ಪ್ರಸಂಗ ಅವನಿಗೆ ಬರಲಿಲ್ಲ.

ಬದಲಾದದ್ದು ನಮ್ಮ ಊಟ. “ನಾ ಹೇಳೂದು ತಪ್ಪಂತ ತೋರಸು” ಎಂದು ಅಪ್ಪ ಆಮೇಲೂ ಕೇಳುತ್ತಿದ್ದ, ಮೊದಲಿನಷ್ಟೇ ಪ್ರೀತಿಯಿಂದ. ನಾನೂ ಅಣ್ಣನೂ ಆಡುತ್ತಿದ್ದೆವು. ಆದರೆ ಎಲ್ಲಿಗೆ ನಿಲ್ಲಿಸಬೇಕೆಂಬುದು ಈಗ ನಮಗೆ ಗೊತ್ತಿತ್ತು. ಅಪ್ಪ ನಗುವವರೆಗೆ ವಿರೋಧ ಮಾಡುವುದು, ಆಮೇಲೆ ಸೋಲುವುದು. ಅವನ ಕಿವಿಯ ಮೇಲೆ ನಮ್ಮ ಕಣ್ಣಿರುತ್ತಿತ್ತು. ಅಣ್ಣ ಬರಬರುತ್ತ ಆಟವನ್ನೂ ಬಿಟ್ಟ. ಅವನಿಗೆ ದ್ರಾಕ್ಷಿ ತೋಟದ ಹುಚ್ಚು ಹತ್ತಿತ್ತು. ಬೆಳಗಾದರೆ ಕತ್ತರಿ ಹಿಡಿದು ಬಳ್ಳಿಯ ಸಾಲುಗಳೊಳಗೆ ಹೋಗಿಬಿಡುತ್ತಿದ್ದ. ನಾನು ಓದಲು ವಿಜಯಪುರಕ್ಕೆ ಬಂದೆ, ಅಲ್ಲೇ ರಾಜ್ಯಶಾಸ್ತ್ರದ ಅಧ್ಯಾಪಕಳಾದೆ. ಭಿನ್ನಮತದ ಬಗ್ಗೆ ಹುಡುಗರಿಗೆ ಪಾಠ ಮಾಡಿದೆ, ಒಳ್ಳೆಯ ಹೆಸರು ಪಡೆದೆ. ಪ್ರಾಚಾರ್ಯಳಾದ ಮೇಲೆ ಸಭೆಯಲ್ಲಿ ನನ್ನ ಮಾತಿಗೆ ಎದುರಾಡುತ್ತಿದ್ದ ತರುಣ ಅಧ್ಯಾಪಕನೊಬ್ಬನನ್ನು ನಾನು ಒಂದು ದಿನವೂ ಗದರಲಿಲ್ಲ. ‘ನೀನು’ ಅನ್ನುತ್ತಿದ್ದವಳು ‘ತಾವು’ ಎಂದೆ, ಮುಂದಿನ ಸಾಲಿನಲ್ಲಿ ಕೂರಿಸಿದೆ, ಕೈಗೊಂದು ಸಮಿತಿ ಕೊಟ್ಟೆ. ಒಂದು ವರ್ಷದೊಳಗೆ ಅವನು ಸುಮ್ಮನಾದ. ಅದನ್ನು ನಾನು ಯಾವ ಪುಸ್ತಕದಿಂದಲೂ ಕಲಿತದ್ದಲ್ಲ.

ನಾನಿನ್ನೂ ಪ್ರಾಚಾರ್ಯಳಾಗಿರದ ಕಾಲ, ಕಾಕಾ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಅಪ್ಪನಿಗೂ ವಯಸ್ಸಾಗಿತ್ತು, ಮೊಣಕಾಲು ಮಾತು ಕೇಳುತ್ತಿರಲಿಲ್ಲ. ಒಂದು ಶನಿವಾರ ಊರಿಗೆ ಬಾ ಎಂದು ನನಗೆ ಹೇಳಿಕಳಿಸಿದ. ಬಸ್ಸಿನಲ್ಲೇ ನನಗೆ ವಿಷಯ ಗೊತ್ತಾಯಿತು, ಊರವರೊಬ್ಬರು ಹೇಳಿದರು: ಅಧ್ಯಕ್ಷ ಸ್ಥಾನವನ್ನು ಅಪ್ಪ ಈರಣ್ಣನಿಗೆ ಬಿಟ್ಟುಕೊಡುತ್ತಾನಂತೆ. ಅದು ಆಗಬಾರದೆಂದು ನನಗೆ ಆ ಕ್ಷಣವೇ ಅನ್ನಿಸಿತು. ಅಣ್ಣ ನಾಲ್ಕು ಜನರ ಮುಂದೆ ಮಾತಾಡಲಾರ, ಯಾರಿಗೂ ಇಲ್ಲ ಅನ್ನಲಾರ. ಶಾಲೆಯಲ್ಲೇ ದುಡಿದು ಹಣ್ಣಾದ, ಆ ಕೆಲಸ ಬಲ್ಲವರು ಮಂಡಳಿಯಲ್ಲೇ ಇದ್ದರು. ಇಳಿಯುವ ಹೊತ್ತಿಗೆ ಹೇಳಬೇಕಾದ ಮಾತನ್ನೆಲ್ಲ ಸಾಲಾಗಿ ಜೋಡಿಸಿಕೊಂಡಿದ್ದೆ.

ಮಧ್ಯಾಹ್ನ ಅಡುಗೆಮನೆಯಲ್ಲಿ ಊಟಕ್ಕೆ ಕೂತೆವು. ಅಪ್ಪನಿಗೆ ಮಣೆ ಹಾಕಿತ್ತು. ಅಣ್ಣ ಅವನ ಎದುರು, ನಾನು ಪಕ್ಕ, ಅವ್ವ ಬಡಿಸುತ್ತಿದ್ದಳು. ಅಪ್ಪ ವಿಷಯ ಹೇಳಿದ. ಹೇಳಿ ಊಟ ನಿಲ್ಲಿಸಿದ.

“ನಾ ಇನ್ನೂ ಯಾರಿಗೂ ಹೂಂ ಅಂದಿಲ್ಲ. ಮದಲ ನಿಮ್ಮನ್ನ ಕೇಳಬೇಕಂತ ಮಾಡೇನಿ. ಏನಂತೀರಿ?”

ಅಣ್ಣ ತಾಟು ನೋಡುತ್ತಿದ್ದ. ನಾನೂ ತಾಟು ನೋಡಿದೆ.

“ಯಾಕ, ಯಾರೂ ಮಾತಾಡವಲ್ರಿ? ಸರಸು, ನಿನ್ನ ಬಾಯಿ ಎಲ್ಲಿ ಹೋತು?”

ನನಗೆ ಭಯವಾಗಿರಲಿಲ್ಲ. ಆ ವಯಸ್ಸಿನ ಅಪ್ಪ ನನಗೇನು ಮಾಡಬಲ್ಲವನಾಗಿದ್ದ? ಮಾತು ಬರಲಿಲ್ಲ, ಅಷ್ಟೇ. ಅವನ ಕಿವಿಯ ಕಡೆ ಕಣ್ಣು ಹೋಯಿತು. ನಾಳೆಯಿಂದ ಅಪ್ಪ ನನ್ನನ್ನು ಬಾಗಿಲಲ್ಲಿ ಎದುರುಗೊಂಡು ‘ಬರ್ರಿ ಮೇಡಂ’ ಅಂದರೆ ಎಂದು ಒಂದು ಕ್ಷಣ ಅನ್ನಿಸಿತು.

“ನೀ ಹೇಳಿದ ಮ್ಯಾಲ ಸರೀನ ಇರತೈತಿ ಅಪ್ಪಾ,” ಎಂದೆ.

ಅಪ್ಪ ಅಣ್ಣನನ್ನು ನೋಡಿದ. ಅಣ್ಣ ಹೂಂ ಎಂದ. ಅವ್ವ, “ನಮಗೇನ ತಿಳೀತೈತ್ರಿ, ನಿಮಗ ತಿಳಿದಂಗ ಮಾಡ್ರಿ” ಎಂದಳು. ಅಪ್ಪ ನಮ್ಮ ಮೂವರ ಮುಖವನ್ನೂ ಒಂದೊಂದಾಗಿ ನೋಡಿದ. ಇನ್ನೇನೋ ಬರುತ್ತದೆಂದು ಕಾಯುವವನಂತೆ ಸ್ವಲ್ಪ ಹೊತ್ತು ಕೂತ. ಆಮೇಲೆ ಮಜ್ಜಿಗೆ ಹಾಕಿಸಿಕೊಂಡು ಉಂಡು ಎದ್ದ.

ಅಣ್ಣ ಬಹಳ ವರ್ಷ ಆ ಕುರ್ಚಿಯಲ್ಲಿದ್ದ. ಯಾರೂ ಅವನನ್ನು ಕೆಟ್ಟವನೆನ್ನಲಿಲ್ಲ. ಹೇಳಿದವರಿಗೆಲ್ಲ ಹೂಂ ಅಂದ, ಒಬ್ಬರಿಗೆ ಅಂದದ್ದು ಇನ್ನೊಬ್ಬರಿಗೆ ಅಂದದ್ದಕ್ಕೆ ಅಡ್ಡ ಬಂದು ಶಿಕ್ಷಕರು ಎರಡು ಗುಂಪಾದರು. ಒಳ್ಳೆಯ ಗಣಿತದ ಮಾಸ್ತರರು ಬೇಸತ್ತು ಬಿಟ್ಟುಹೋದರು. ಸಭೆ ಇದ್ದ ದಿನ ಅಣ್ಣ ಶಾಲೆಯ ಗೇಟಿನ ಹೊರಗೆ ಜೀಪಿನಲ್ಲೇ ಬಹಳ ಹೊತ್ತು ಕೂತಿರುತ್ತಿದ್ದನಂತೆ, ಒಳಗೆ ಹೋಗಲು ಧೈರ್ಯ ಸಾಲದೆ. ಅಪ್ಪ ತೀರಿದ ಮೇಲೂ ಬಿಡಲು ಅವನಿಗೆ ನಾಚಿಕೆ. ಕೊನೆಗೆ ಮೈ ಕೆಟ್ಟು, ವೈದ್ಯರು ಹೇಳಿದ್ದನ್ನು ನೆಪ ಮಾಡಿಕೊಂಡು ಬಿಟ್ಟ.

ನಿವೃತ್ತಳಾದ ಮೇಲೆ ನಾನು ಊರಿಗೆ ಹೋದಾಗ ಅವನು ತೋಟದಲ್ಲಿದ್ದ. ಬಳ್ಳಿ ಕತ್ತರಿಸುವ ಕಾಲ. ಬದುವಿನ ಮೇಲೆ ಇಬ್ಬರೂ ಕೂತೆವು. ಬೀಳ್ಕೊಡುಗೆಯಲ್ಲಿ ನಮ್ಮಪ್ಪನನ್ನು ಹೊಗಳಿದ್ದು ಅವನ ಕಿವಿಗೂ ಬಿದ್ದಿತ್ತು. ಅವನು ಮಣ್ಣನ್ನು ಬೆರಳಲ್ಲಿ ಕೆದಕುತ್ತ ಹೇಳಿದ:

“ಅವತ್ತ ಅಪ್ಪ ಖರೇನ ಕೇಳಿದ್ದ ಸರಸು. ಆಟಕ್ಕಲ್ಲ. ನೀ ಬ್ಯಾಡ ಅಂತಿ ಅಂತ ನಾ ಕಾದ ಕುಂತಿದ್ನಿ. ನನ್ನ ಬಾಯಿಂದ ಬರಂಗಿದ್ದಿಲ್ಲ.”

“ನಾ ಹೇಳಬೇಕಂತನ ಬಂದಿದ್ನಿ ಅಣ್ಣಾ.”

“ಗೊತ್ತೈತಿ. ನೀ ಬಸ್ಸಿಳದು ಬರಾಗ ಮಾರಿ ನೋಡಿದ್ನಿ.”

ನನಗೆ ಅವನ ಕಡೆ ತಿರುಗಲು ಆಗುತ್ತಿರಲಿಲ್ಲ. ಬಳ್ಳಿಯ ಸಾಲನ್ನೇ ನೋಡುತ್ತ ಕೇಳಿದೆ:

“ಈಗ ಹೇಳಲೇನು?”

“ಹೇಳು.”

“ನಿನಗ ಆ ಕೆಲಸ ಆಗತಿದ್ದಿಲ್ಲ ಅಣ್ಣಾ. ಬ್ಯಾರೆ ಯಾರಿಗರೆ ಕೊಡಬೇಕಿತ್ತು.”

ಅಣ್ಣ ಹೌದೆಂದು ತಲೆ ಆಡಿಸಿದ. ಸೊಂಟದ ಮೇಲೆ ಕೈಯಿಟ್ಟು ನಿಧಾನಕ್ಕೆ ಎದ್ದು ನಿಂತ.

“ಇಷ್ಟೇ ಇತ್ತು ನೋಡು ಮಾತು,” ಎಂದ.